ಮಿಂಚುಹುಳಕ್ಕೆ ಕೊಂಡಿ ಹಾಕಿದವರು

ಕಾಕು ತೀರಿಕೊಂಡ ದಿನ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ನಾನು ನನ್ನ ಕೈಲಾದಷ್ಟು ಗಂಭೀರವಾಗಿ ಕುಳಿತಿದ್ದೆ. ಪಕ್ಕದ ಮನೆಯವನು, ಮೇಲಾಗಿ ಹೈಸ್ಕೂಲು ಮಾಸ್ತರ. ಬಂದವರಿಗೆ ಕುರ್ಚಿ ತೋರಿಸುವುದು, ಹಾರ ಬಂತೇ ಎಂದು ವಿಚಾರಿಸುವುದು ನನ್ನ ಪಾಲಿಗೆ ಬಂದಿತ್ತು. ಕಾಕು ಅವರ ಮಗಳು ಹುನಗುಂದದಿಂದ ಬಂದಿದ್ದ ತನ್ನ ತಾಯಿಯ ತಂಗಿಗೆ ನನ್ನ ಪರಿಚಯ ಮಾಡಿಕೊಟ್ಟಳು. ಅತ್ತು ಅತ್ತು ಅವಳ ದನಿ ಹೂತುಹೋಗಿತ್ತು. ಆದರೂ ಹೇಳಿದಳು:

“ಇವರ ನೋಡ್ರಿ ಚಿಗವ್ವ, ಮಿಣಕಹುಳದ ಸರ್ರು.”

“ಹೌದನ?” ಎಂದ ಆ ಹೆಂಗಸು ತಟ್ಟನೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದು ಅಳು ತಡೆಯಲಿಕ್ಕೆ ಅಲ್ಲ ಎಂಬುದು ಅವರ ಭುಜ ಕುಲುಕಿದ ರೀತಿಯಿಂದಲೇ ತಿಳಿಯುತ್ತಿತ್ತು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ್ದೇನೆ. ಇಳಕಲ್ಲಿನ ಅರ್ಧ ಪೇಟೆ ನನ್ನ ಕೈಯಲ್ಲಿ ಪಾಸಾಗಿದೆ. ಆದರೂ ಒಂದು ಸಾವಿನ ಮನೆಯಲ್ಲಿ ನನ್ನ ಗುರುತು ಹೇಳಬೇಕಾದರೆ ಹುಳವೇ ಬೇಕಾಯಿತು. ಆ ಹೆಸರು ನನಗೆ ಹೇಗೆ ಬಂತೆಂದು ಹೇಳಹೊರಟರೆ ಕಾಕು ಅವರ ವಿಷಯವನ್ನೇ ಹೇಳಬೇಕಾಗುತ್ತದೆ.

ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ನನ್ನ ಹೆಂಡತಿಗೂ ಕಾಕು, ಹಾಲಿನವನಿಗೂ ಕಾಕು. ಸಣ್ಣ ಆಳು, ಮೂಗಿನಲ್ಲಿ ಒಂಟಿ ಹರಳು, ತುಟಿಯ ನಡುವೆ ಸದಾ ಒಂದು ರೇಷ್ಮೆ ಎಳೆ. ಎಳೆಯನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವರ ಮಾತು ಬಾಯಿಯ ಒಂದು ಮೂಲೆಯಿಂದ ಬರುತ್ತಿತ್ತು. ಗಂಡ ಇದ್ದಾಗ ಮನೆಯಲ್ಲಿ ಮಗ್ಗವಿತ್ತಂತೆ. ನಾವು ಆ ಓಣಿಗೆ ಬರುವ ಹೊತ್ತಿಗೆ ಮಗ್ಗದ ಕುಣಿಯನ್ನು ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿಯಾಗಿತ್ತು. ಮಗಳು ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಕಾಕು ಮನೆಯಲ್ಲೇ ಕುಳಿತು ಕೊಂಡಿ ಹಾಕುತ್ತಿದ್ದರು.

ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ, ಅಂದರೆ ಮಗ್ಗದ ಉದ್ದನೂಲಿನ, ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕೊಂಡಿಯಾಗಿ ಸಿಕ್ಕಿಸಿ ಎರಡನ್ನೂ ಒಂದು ಮಾಡಬೇಕು. ಅಂಥ ಸಾವಿರಾರು ಕೊಂಡಿ. ಒಂದು ತಪ್ಪಿದರೂ ಸೆರಗಿನ ಅಂಚಿನಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ. ಓಣಿಯ ನೇಕಾರರು ತಮ್ಮ ಮನೆಯ ಹೆಂಗಸರಿಗೆ ಪುರಸೊತ್ತಿಲ್ಲದಾಗ ಹಾಸು ತಂದು ಕಾಕು ಅವರ ಮುಂದೆ ಇಡುತ್ತಿದ್ದರು. “ನಾಳೆ ಆಕ್ಕೈತೇನ್ರಿ ಕಾಕು?” ಎಂದರೆ ಅವರ ಉತ್ತರ ಯಾವಾಗಲೂ ಒಂದೇ: “ನೋಡೂಣು.” ಆ ಮಾತು ಕೇಳಿದವನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದ.

ಅರಿವೆಯ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯ ಇರಲಿಲ್ಲ. ಬಾಡಿಗೆಗೆ ಬಂದ ಹೊಸತರಲ್ಲಿ ನಾನೊಂದು ಅಂಗಿ ತಂದಿದ್ದೆ. ಲಿನನ್ ಎಂದು ಅಂಗಡಿಯವನು ಆಣೆ ಮಾಡಿದ್ದ. ಕಾಕು ಮಾತಾಡುತ್ತಲೇ ನನ್ನ ತೋಳಿನ ಅಂಚನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿದರು.

“ಯಾರ್ರಿ ಮಾಸ್ತರ ಇದನ್ನ ಲಿನನ್ ಅಂದಾವ್ರು?”

“ಅಂಗಡ್ಯಾವ ಅಂದ್ರಿ.”

“ಅಂವಾ ಅನ್ನಾಂವನ. ನೀವು ಹೂಂ ಅಂದ್ರಲ್ಲ, ಅದಕ್ಕ ಕೇಳಿದೆ.”

ನಾಲ್ಕನೆಯ ಒಗೆತಕ್ಕೆ ಆ ಅಂಗಿ ನೆಲ ಒರೆಸಲು ಹೋಯಿತು.

ಇನ್ನು ಹುಳದ ಕತೆ. ಪ್ರತಿವರ್ಷ ಬಾಗಲಕೋಟೆಯಲ್ಲಿ ಶಿಕ್ಷಕರಿಗೆಂದು ಸಾಂಸ್ಕೃತಿಕ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಛದ್ಮವೇಷವೂ ಒಂದು. ನಾನು ಮೂರು ವರ್ಷದಿಂದ ಸತತವಾಗಿ ಭಾಗವಹಿಸಿ ಸತತವಾಗಿ ಬರಿಗೈಯಲ್ಲಿ ಬಂದಿದ್ದೆ. ಹಿಂದಿನ ವರ್ಷ ತಪಸ್ಸು ಮಾಡುವ ಋಷಿಯಾಗಿ ಹೋಗಿದ್ದಾಗ ತೀರ್ಪುಗಾರರೊಬ್ಬರು ಮೈಕಿನಲ್ಲೇ, “ಋಷಿಗಳು ಊಟ ಮುಗಿಸಿಕೊಂಡು ಬಂದಂತಿದೆ” ಎಂದಿದ್ದರು. ಆ ಅವಮಾನದಲ್ಲಿ ನನಗೆ ಮಿಂಚುಹುಳ ಹೊಳೆಯಿತು. ತಣ್ಣನೆಯ ಬೆಳಕು, ಜೀವಿಯ ಒಳಗಿನ ದೀಪ. ವಿಜ್ಞಾನದ ಮಾಸ್ತರ ಸ್ವತಃ ಹೊಳೆಯುತ್ತ ವೇದಿಕೆಯ ಮೇಲೆ ಬಂದರೆ ಯಾರು ತಡೆದಾರು? ಎಂಬತ್ತಾರು ಕಿಲೋದ ಮಿಂಚುಹುಳ ಪ್ರಕೃತಿಯಲ್ಲಿ ಎಲ್ಲೂ ಇಲ್ಲ ಎಂಬ ಸಂಗತಿ ಆಗ ಹೊಳೆಯಲಿಲ್ಲ.

ಹೆಂಡತಿ ಒಂದೇ ಷರತ್ತು ಹಾಕಿದಳು. “ಮನಿಯೊಳಗಿನ ಸಾಮಾನದಾಗ ನೀವು ಏನ್ ಬೇಕಾದ್ದ ಆಗ್ರಿ. ಹುಳಾ ಆಗ್ರಿ, ಹಲ್ಲಿ ಆಗ್ರಿ. ಹೊರಗಿಂದ ಒಂದ ಸಾಮಾನ ತರೂದಿಲ್ಲ.”

ಹಾಗಾಗಿ ನನ್ನ ಮಿಂಚುಹುಳ ಅಟ್ಟದಿಂದ ಇಳಿಯಿತು. ಸೋರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಅಡ್ಡಕ್ಕೆ ಕೊಯ್ದು ಹೊಳೆಯುವ ಹೊಟ್ಟೆ ಮಾಡಿದೆ. ಅದನ್ನು ಬೆಲ್ಟಿನಿಂದ ಸೊಂಟದ ಹಿಂದೆ ಕಟ್ಟಿಕೊಳ್ಳಬೇಕು. ಮುರಿದ ಛತ್ರಿಯ ಕಡ್ಡಿಗಳು ರೆಕ್ಕೆಯ ಎಲುಬಾದವು, ಉಳಿದೆರಡು ಹೆಲ್ಮೆಟ್ಟಿನ ಮೇಲೆ ಮೀಸೆಯಾದವು. ದೀಪಾವಳಿಯ ಸೀರಿಯಲ್ ಸೆಟ್ಟೊಂದು ಅರ್ಧ ಸತ್ತಿತ್ತು, ಅದರಲ್ಲಿ ಬದುಕಿದ್ದ ಇಪ್ಪತ್ತು ಬಲ್ಬು ಕತ್ತರಿಸಿಕೊಂಡೆ. ಹಳೆಯ ಟಾರ್ಚಿನಿಂದ ಸೆಲ್ಲಿನ ಡಬ್ಬಿ ಬಂತು, ಬಾಗಿಲ ಬೆಲ್ಲಿನಿಂದ ಒತ್ತಿ ಹಿಡಿದಷ್ಟು ಹೊತ್ತೇ ಹತ್ತುವ ಸ್ವಿಚ್ಚು ಬಂತು. ಸೆಲ್ಲು ಒಂದು ಗೋಡೆ ಗಡಿಯಾರದ್ದು, ಇನ್ನೊಂದು ಅಲಾರಂನದು. ನಮ್ಮ ಮನೆಯಲ್ಲಿ ಅಂದಿನಿಂದ ಹದಿನೈದು ದಿನ ಹೊತ್ತೇ ಹೋಗಲಿಲ್ಲ.

ಬಲ್ಬುಗಳನ್ನೆಲ್ಲ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸ್ವಿಚ್ಚು ಒತ್ತಿದೆ. ಒಂದೂ ಹತ್ತಲಿಲ್ಲ. ಎರಡು ದಿನ ಸೆಲ್ಲನ್ನು ಬೈದೆ, ಬಲ್ಬನ್ನು ಬೈದೆ. ಮೂರನೆಯ ದಿನ ಒಂಬತ್ತನೆಯ ಇಯತ್ತೆಯ ಮುಂದೆ ನಿಂತು ಸರಣಿ ಜೋಡಣೆ, ಸಮಾಂತರ ಜೋಡಣೆಯ ಚಿತ್ರ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಯಲ್ಲೇ ನಿಂತಿತು. ವರ್ಷಗಟ್ಟಲೆ ನಾನು ಇನ್ನೊಬ್ಬರಿಗೆ ಹೇಳುತ್ತ ಬಂದ ಪಾಠವನ್ನು ನಾನೇ ಕೇಳಿಸಿಕೊಂಡಿರಲಿಲ್ಲ.

ಸಮಾಂತರವಾಗಿ ಕಟ್ಟಿದ ಮೇಲೆ ದೀಪ ಹತ್ತಿತು. ಆದರೆ ಹೊಸ ಫಜೀತಿ ಶುರುವಾಯಿತು. ವೇಷ ತೊಟ್ಟು ನಾಲ್ಕು ಹೆಜ್ಜೆ ಹಾಕಿದರೆ, ಒಮ್ಮೆ ಬಗ್ಗಿದರೆ, ಬೆನ್ನಿನ ಹತ್ತಿರ ವೈರು ಪಟ್ಟನೆ ಹರಿಯುತ್ತಿತ್ತು. ಬೆಸುಗೆ ಹಾಕಿದೆ, ಹರಿಯಿತು. ಟೇಪು ಸುತ್ತಿದೆ, ಹರಿಯಿತು. ಒಂದು ಸಂಜೆ ಹಿತ್ತಿಲಲ್ಲಿ ಹೆಲ್ಮೆಟ್ಟು ಹಾಕಿಕೊಂಡು ನಿಂತು ಆ ವೈರಿನ ಏಳು ತಲೆಮಾರನ್ನು ಬೈಯುತ್ತಿದ್ದಾಗ ಗೋಡೆಯ ಆಚೆಯಿಂದ ಕಾಕು ಕೂಗಿದರು.

“ಯಾರನ್ರಿ ಮಾಸ್ತರ ಬೈಯಾಕತ್ತೀರಿ?”

“ವೈರಿಗ್ರಿ ಕಾಕು. ಎಷ್ಟ್ ಕೂಡಿಸಿದ್ರೂ ನಿಲ್ಲವಲ್ದು.”

“ತರ್ರಿ ಇಲ್ಲಿ. ನೋಡೂಣು.”

ಹರಿದ ತುದಿಗಳನ್ನು ಅವರು ಬೆರಳುಗಳ ನಡುವೆ ಹೊರಳಿಸಿದರು. ಮುಖ ಮಾತ್ರ ಬೀದಿಯ ಕಡೆ ಇತ್ತು. ನನಗೆ ರೋಮಾಂಚನವಾಯಿತು. ಕೈಯ ಕೆಲಸ ಪಳಗಿದವರಿಗೆ ಕಣ್ಣಿನ ಹಂಗಿಲ್ಲ ಎಂದು ಮನಸ್ಸಿನಲ್ಲೇ ಒಂದು ವಾಕ್ಯ ರಚಿಸಿಕೊಂಡೆ, ಭಾಷಣಕ್ಕೆ ಆದೀತೆಂದು.

“ಬಿಗದ ಕಟ್ಟೀರಿ,” ಎಂದರು ಕಾಕು. “ನೀವು ಬಗ್ಗಿದ್ರ ಅದೂ ಬಗ್ಗಬೇಕಲ್ರಿ? ಎಳತ ಕೊಂಡಿ ಮ್ಯಾಲೆ ಬೀಳ್ಬೇಕು, ಗಂಟಿನ ಮ್ಯಾಲೆ ಅಲ್ಲ.”

ಎರಡೂ ವೈರುಗಳನ್ನು ಕೊಂಡಿ ಮಾಡಿ ಒಂದರೊಳಗೊಂದು ಸಿಕ್ಕಿಸಿದರು. ಬೆಸುಗೆಯನ್ನು ಅದರ ಆಚೆ ಸಡಿಲಾಗಿ ಬಿಟ್ಟು ದಾರದಿಂದ ಹೊಲಿದರು. ನಾನು ಬಗ್ಗಿದೆ, ಎದ್ದೆ, ಕುಣಿದೆ. ಹರಿಯಲಿಲ್ಲ. ಮುಂದಿನ ಹತ್ತು ದಿನ ಶಾಲೆ ಬಿಟ್ಟ ಮೇಲೆ ನಾನು ಅವರ ಪಡಸಾಲೆಯಲ್ಲೇ ಇರುತ್ತಿದ್ದೆ. ಅವರು ಕೊಂಡಿ ಹಾಕುತ್ತಿದ್ದರು, ನಾನು ವಿವರಿಸುತ್ತಿದ್ದೆ. ವಿದ್ಯುತ್ತು ಹೇಗೆ ಹರಿಯುತ್ತದೆ, ಹುಳ ಹೇಗೆ ಹೊಳೆಯುತ್ತದೆ, ಮನುಷ್ಯನ ಕಣ್ಣಿನ ಪಟಲದ ಮೇಲೆ ಬೆಳಕು ಹೇಗೆ ಬೀಳುತ್ತದೆ, ಎಲ್ಲವನ್ನೂ ಹೇಳಿದೆ. ಕಣ್ಣಿನ ಪಾಠಕ್ಕೆ ಬಂದಾಗ ಅವರು “ಚಾ ಕುಡೀತೀರೇನ್ರಿ?” ಎಂದು ಎದ್ದರು. ನನ್ನ ಗಂಟಲು ಒಣಗಿದ್ದು ಅವರಿಗೆ ತಿಳಿಯಿತೆಂದು ಸಂತೋಷಪಟ್ಟೆ.

ಮೊದಲ ಸಲ ಇಪ್ಪತ್ತೂ ಬಲ್ಬು ಹತ್ತಿದಾಗ ನಾನು “ನೋಡ್ರಿ ಕಾಕು!” ಎಂದು ಕಿರುಚಿದೆ. ಅವರು ಕೈ ಚಾಚಿ ಒಂದು ಬಲ್ಬನ್ನು ಮುಟ್ಟಿ, “ಬಿಸಿ ಇಲ್ಲಲ್ರಿ. ಖರೆನ ಹತ್ತ್ಯಾವೇನು?” ಎಂದರು. ತಣ್ಣನೆಯ ಬೆಳಕಿನ ತತ್ವವನ್ನು ಒಬ್ಬ ಸಾಲಿ ಕಲಿಯದ ಹೆಂಗಸು ಬೆರಳಿನಿಂದ ಪರೀಕ್ಷಿಸಿದ್ದನ್ನು ಮರುದಿನ ಸ್ಟಾಫ್ ರೂಮಿನಲ್ಲಿ ಭಾವುಕನಾಗಿ ವರ್ಣಿಸಿದೆ.

ರೆಕ್ಕೆಗೆ ಬಟ್ಟೆಯನ್ನೂ ಅವರೇ ಕೊಟ್ಟರು. ಗಂಟಿನಲ್ಲಿ ಕಟ್ಟಿಟ್ಟಿದ್ದ ಕುಪ್ಪಸದ ಖಣದ ತುಂಡುಗಳಲ್ಲಿ ಎರಡನ್ನು ಮುಟ್ಟಿ ಮುಟ್ಟಿ ಆರಿಸಿ, ಕಡ್ಡಿಗಳಿಗೆ ಬಿಗಿದು ಹೊಲಿದರು. ಒಂದು ರೆಕ್ಕೆ ಕೆಂಪು, ಇನ್ನೊಂದು ಹಸಿರು. ಹೆಂಡತಿ ನೋಡಿ, “ಇದೇನ್ರಿ ಒಂದೊಂದ ಬಣ್ಣ?” ಎಂದಳು.

“ನಿನಗ ಕಲಾ ತಿಳಿಯಂಗಿಲ್ಲ,” ಎಂದೆ. “ಕಾಕು ಸುಮ್ಮ ಮಾಡ್ತಾರನು? ಅದರಾಗ ಏನೋ ಐತಿ.”

ಸ್ಪರ್ಧೆಯ ದಿನ ಹೆಂಡತಿ ಬರಲಿಲ್ಲ. ಬಾಗಲಕೋಟೆಯಲ್ಲಿ ಅವಳ ತವರಿನ ಮಂದಿ ಇದ್ದಾರೆ, ಅವರ ಕಣ್ಣಿಗೆ ಬೀಳಲು ತಯಾರಿರಲಿಲ್ಲ. ಕಾಕು ಬಂದರು. ವೇಷ ಮೈಮೇಲೆ ಬಂದ ಮೇಲೆ ಕೊನೆಯ ಕೊಂಡಿ ಹಾಕಬೇಕಿತ್ತು, ಅದನ್ನು ಬೇರೆಯವರು ಮಾಡುವಂತಿರಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ರೆಕ್ಕೆ ನನ್ನ ತೊಡೆಯ ಮೇಲೆ, ನೀರಿನ ಕ್ಯಾನು ಅವರ ತೊಡೆಯ ಮೇಲೆ. ಹುನಗುಂದದಲ್ಲಿ ಹತ್ತಿದ ಒಬ್ಬ ಮುದುಕ ಇಡೀ ದಾರಿ ಆ ರೆಕ್ಕೆಗಳನ್ನು ನೋಡಿ ಇಳಿಯುವಾಗ, “ಜಾತ್ರ್ಯಾಗ ಅಂಗಡಿ ಎಲ್ಲಿಡ್ತೀರಿ?” ಎಂದು ಕೇಳಿದ. ಬಾಗಲಕೋಟೆಯಲ್ಲಿ ಇಳಿದಾಗ ಕಾಕು ನನ್ನ ಮೊಣಕೈ ಹಿಡಿದುಕೊಂಡರು. ಸಭಾಂಗಣದ ಮೆಟ್ಟಿಲು ಮುಗಿಯುವವರೆಗೂ ಬಿಡಲಿಲ್ಲ. ಇಷ್ಟು ಜನರ ನಡುವೆ ನನ್ನ ಜೊತೆ ಗುರುತಿಸಿಕೊಳ್ಳಲು ಅವರಿಗೆ ಅಭಿಮಾನ ಎಂದುಕೊಂಡೆ. ಎದೆ ಸ್ವಲ್ಪ ಉಬ್ಬಿಸಿಯೇ ನಡೆದೆ.

ಸಂಜೆ ಏಳಕ್ಕೆ ನನ್ನ ಹೆಸರು ಕೂಗಿದರು. ದೀಪ ಆರಿಸಿದರು. ಕತ್ತಲಲ್ಲಿ ನಾನು ವೇದಿಕೆಯ ನಡುವೆ ಹೋಗಿ ನಿಂತು, ತೋಳಿನೊಳಗಿದ್ದ ಬೆಲ್ಲಿನ ಸ್ವಿಚ್ಚು ಒತ್ತಿ, “ಮಾನ್ಯರೇ, ನಾನು ಮಿಂಚುಹುಳ” ಎಂದು ಭಾಷಣ ಶುರು ಮಾಡಿದೆ. ಸಭೆ ನಿಶ್ಶಬ್ದವಾಗಿತ್ತು. ಆಮೇಲೆ ತಿಳಿಯಿತು, ಅವರಿಗೆ ಏನೂ ಕಾಣುತ್ತಿರಲಿಲ್ಲ. ಬೆಳಕು ಇದ್ದದ್ದು ನನ್ನ ಹಿಂದೆ.

“ತಿರಗ್ರಿ ಸರ!” ಎಂದು ಯಾರೋ ಕೂಗಿದರು. “ಹಿಂದ ತಿರಗ್ರಿ!”

ತಿರುಗಿದೆ. ಸಭಾಂಗಣ ಒಮ್ಮೆಲೇ ಸ್ಫೋಟವಾಯಿತು. ಸೀಟಿ, ಚಪ್ಪಾಳೆ, ನಗೆ. ಜೀವಿಗಳ ಬೆಳಕಿನ ಕುರಿತ ನನ್ನ ಐದು ನಿಮಿಷದ ಭಾಷಣವನ್ನು ನಾನು ಪೂರ್ತಿಯಾಗಿ ಹಿಂದಿನ ಪರದೆಗೆ ಹೇಳಿದೆ. ಸಭೆ ಮಾತ್ರ ನನ್ನ ಬೆನ್ನಿನ ಕೆಳಗಿನ ಭಾಗವನ್ನು ಏಕಾಗ್ರತೆಯಿಂದ ಆಲಿಸುತ್ತಿತ್ತು. ಕೊನೆಗೆ ತೀರ್ಪುಗಾರರು ರೆಕ್ಕೆಯ ಬಣ್ಣಗಳ ಅರ್ಥ ಕೇಳಿದರು. ನಾನು ತಡವರಿಸದೆ, “ಕೆಂಪು ವಿನಾಶದ ಸಂಕೇತ, ಹಸಿರು ಪರಿಸರದ ಸಂಕೇತ, ನಡುವೆ ಹಾರುವುದು ಜೀವಿ” ಎಂದೆ. ಅವರು ಬರೆದುಕೊಂಡರು. ಎರಡನೆಯ ಬಹುಮಾನ, ಒಂದು ಸ್ಟೀಲಿನ ಡಬರಿ ಪಾತ್ರೆ.

ಪಕ್ಕದ ಕೋಣೆಯಲ್ಲಿ ಕಾಕು ಬೆಂಚಿನ ಮೇಲೆ ಕುಳಿತಿದ್ದರು. ಡಬರಿಯನ್ನು ಅವರ ಕೈಗಿಟ್ಟು, “ಹೆಂಗಾತ್ರಿ ಕಾಕು?” ಎಂದೆ.

“ಭಾಳ ಚೊಲೋ ಆತ್ರಿ. ಮಂದಿ ಹೊಟ್ಟಿ ಹಿಡಕೊಂಡ ನಕ್ಕರು.”

“ಎಲ್ಲಾ ನಿಮ್ಮಿಂದನರಿ. ರೆಕ್ಕಿ ನೋಡೇ ನಂಬರ್ ಕೊಟ್ಟರು. ಒಂದ ಕೆಂಪು, ಒಂದ ಹಸರು, ನಿಮಗ ಹೆಂಗ ಹೊಳೀತ್ರಿ?”

ಡಬರಿಯ ಅಂಚಿನ ಮೇಲೆ ಓಡುತ್ತಿದ್ದ ಅವರ ಬೆರಳು ನಿಂತವು.

“ಎರಡೂ ಕೆಂಪ ಅಲ್ಲನ್ರಿ ಮಾಸ್ತರ?” ಎಂದರು.

ನಾನು ಅವರ ಮುಖ ನೋಡಿದೆ. ಹತ್ತು ವರ್ಷದ ನೆರೆಯಲ್ಲಿ ಅದೇ ಮೊದಲ ಸಲ ಸರಿಯಾಗಿ ನೋಡಿದ್ದು ಎಂದು ಕಾಣುತ್ತದೆ. ಕೋಣೆಯ ದೀಪದ ಕೆಳಗೆ ಎರಡೂ ಕಣ್ಣಿನ ಪಾಪೆ ಹಾಲುಗಟ್ಟಿದಂತೆ ಬಿಳಿಚಿದ್ದವು. ಹತ್ತನೆಯ ಇಯತ್ತೆಯ ಪುಸ್ತಕದಲ್ಲಿ ಈ ಪೊರೆಯ ಪಾಠವಿದೆ, ಜೊತೆಗೆ ಕಣ್ಣಿನ ಚಿತ್ರವಿದೆ. ಪ್ರತಿವರ್ಷ ನಾನು ಅದನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಭಾಗಗಳನ್ನು ಗುರುತಿಸುತ್ತೇನೆ.

“ಎಷ್ಟ ದಿನಾ ಆತ್ರಿ?” ಎಂದು ಕೇಳಿದೆ.

“ಎರಡ ವರ್ಷದ ಮ್ಯಾಲಾತು. ಎಡಗಣ್ಣು ಪೂರಾ ಹೋಗೇತಿ. ಬಲಗಣ್ಣಾಗ ಮಜ್ಜಿಗಿಯೊಳಗಿಂದ ನೋಡಿದಂಗ ಕಾಣಸ್ತೈತಿ.” ನನ್ನ ಕೈ ಹುಡುಕಿ ಹಿಡಿದುಕೊಂಡರು. “ಯಾರಿಗೂ ಹೇಳಬ್ಯಾಡ್ರಿ. ಮಗಳು ಕೇಳಿ ಕೇಳಿ ಬ್ಯಾಸತ್ತಾಳ, ನಾ ಕಾಣಸ್ತೈತಿ ಅಂತನ ಹೇಳ್ತೀನಿ. ಕಣ್ಣಿಲ್ಲಂದ್ರ ಯಾರ್ರಿ ನನ್ನ ಕಡೆ ಹಾಸು ಕೊಡ್ತಾರ? ಆಪರೇಷನ್ ಅಂತ ಕುಂತ್ರ ಕೆಲಸ ಮತ್ತೊಬ್ಬರ ಕೈಗಿ ಹೋಕ್ಕೈತಿ, ಹೋದದ್ದು ತಿರಗಿ ಬರಂಗಿಲ್ಲ. ಆಣಿ ಮಾಡ್ರಿ.”

ಆಣೆ ಮಾಡಿದೆ. ಹಸಿರು ರೆಕ್ಕೆ ಮತ್ತು ಕೆಂಪು ರೆಕ್ಕೆ ಹೊತ್ತು, ನೀರಿನ ಕ್ಯಾನು ಕಟ್ಟಿಕೊಂಡು ಮಾಡಿದ ಆಣೆ ಅದು. ಎರಡು ದಿನ ಬಾಳಿತು.

ಎರಡನೆಯ ದಿನ ಊಟಕ್ಕೆ ಕುಳಿತಾಗ ಅನ್ನ ಕಲಸುತ್ತಲೇ ಇದ್ದೆ. ಹೆಂಡತಿ ಕೇಳಿದಳು, ಹೇಳಿಬಿಟ್ಟೆ. ಅವಳು ಬಡಿಸುವ ಸೌಟನ್ನು ಅಲ್ಲೇ ಇಟ್ಟು, “ಇದನ್ನ ಹೇಳಾಕ ಎರಡ ದಿನ ಬೇಕಾತನ ನಿಮಗ?” ಎಂದವಳೇ ಗೋಡೆಯಾಚೆ ಹೋದಳು. ಕಾಕು ಅವರ ಮಗಳು ಮರುದಿನವೇ ರಜೆ ಹಾಕಿದಳು. ನನ್ನ ಹೆಂಡತಿಯೂ ಸೇರಿ ಮೂವರೂ ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಹೋದರು. ಹೊರಡುವಾಗ ಕಾಕು ನಮ್ಮ ಬಾಗಿಲ ಮುಂದೆ ಒಂದು ಕ್ಷಣ ನಿಂತರು.

“ನಿಮಗ ಒಂದ ಮಾತ ಹೇಳಿದ್ದೆ ಮಾಸ್ತರ. ಒಂದ.”

ಅಷ್ಟೇ ಹೇಳಿ ಅವರು ಮಗಳ ಕೈ ಹಿಡಿದು ಹೋಗಿಬಿಟ್ಟರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಹನಿ ಹಾಕುವುದು, ಕಪ್ಪು ಕನ್ನಡಕ, ಬಗ್ಗಬಾರದು, ಭಾರ ಎತ್ತಬಾರದು. ಹೆಂಡತಿ ದಿನಾ ಹೋಗಿ ಬರುತ್ತಿದ್ದಳು. ನಾನು ನಮ್ಮ ಕಟ್ಟೆಯ ಮೇಲೆ ಕುಳಿತು ಪೇಪರನ್ನು ತಲೆಕೆಳಗಾಗಿ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಕನ್ನಡಕ ತೆಗೆದ ದಿನ ಅವರ ದನಿ ಸ್ಪಷ್ಟವಾಗಿ ಕೇಳಿಸಿತು.

“ಅವ್ವೀ, ನಿಮ್ಮನಿಯಾವ್ರ ತಲಿಮ್ಯಾಗಿನ ಕೂದಲಾ ಯಾವಾಗ ಹೋದುವ?”

“ಎರಡ ವರ್ಷದಾಗರಿ ಕಾಕು.”

“ಅಯ್ಯ. ಒಬ್ಬರೂ ಹೇಳಲಿಲ್ಲ ನನಗ.”

ನಗು ಬಂತು, ಆದರೆ ಮಾತು ಬಿಟ್ಟವರ ಮನೆಯ ಕಡೆ ನೋಡಿ ನಗುವುದು ಹೇಗೆ? ಅವರು ಹೆದರಿದ್ದಂತೆಯೇ ಆಗಿತ್ತು. ಎರಡು ತಿಂಗಳು ಅವರ ಬಾಗಿಲಿಗೆ ಒಂದು ಹಾಸೂ ಬಂದಿರಲಿಲ್ಲ. ನಾನು ಮಾಡಿದ್ದು ಸರಿಯೆಂದು ಹೆಂಡತಿ ಹೇಳುತ್ತಿದ್ದಳು. ಆದರೆ ಸಂಜೆ ಅವರು ಕೈ ಖಾಲಿ ಇಟ್ಟುಕೊಂಡು ಪಡಸಾಲೆಯಲ್ಲಿ ಕುಳಿತದ್ದು ಕಂಡರೆ ನನಗೆ ಆ ಮಾತು ರುಚಿಸುತ್ತಿರಲಿಲ್ಲ. ನೇಕಾರರಿಗೆ ನಾನೇ ಹೋಗಿ ಹೇಳಲೇ ಎಂದು ಹೆಂಡತಿಯ ಕೈಯಲ್ಲಿ ಕೇಳಿಸಿದೆ. “ಹೇಳೂದರಾಗ ಅವರು ಭಾಳ ಶಾಣ್ಯಾ ಅದಾರ, ಗೊತ್ತೈತಿ,” ಎಂದು ಉತ್ತರ ಬಂತು.

ಒಂದು ರವಿವಾರ ಬೆಳಿಗ್ಗೆ ಕಾಕು ತೊಳೆದ ಸೀರೆ ಉಟ್ಟು ಒಬ್ಬರೇ ಹೊರಬಿದ್ದರು. ಓಣಿಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಮಗ್ಗವಿರುವ ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು, “ಕಣ್ಣ ಬಂದಾವು, ಹಾಸು ಕೊಡ್ರಿ” ಎಂದು ಕೇಳುತ್ತ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪ್ರತಿಯೊಂದು ಮನೆಯಲ್ಲೂ ಹೊತ್ತು ಹಿಡಿಯುತ್ತಿತ್ತು. ಪ್ರತಿಯೊಂದು ಮನೆಯಿಂದ ಹೊರಬಂದಾಗಲೂ ಅವರ ನಡಿಗೆ ನಿಧಾನವಾಗುತ್ತಿತ್ತು. ಒಂದು ತಾಸಿನ ಮೇಲೆ ಅವರು ನೇರ ನಮ್ಮ ಬಾಗಿಲಿಗೆ ಬಂದರು. ಕಂಕುಳಲ್ಲಿ ಒಂದು ಹಾಸಿನ ಸುರುಳಿ ಇತ್ತು.

“ಮಾಸ್ತರ.”

ಎರಡು ತಿಂಗಳ ಮೇಲಿನ ಮೊದಲ ಮಾತು. ನಾನು ಎದ್ದು ನಿಂತೆ.

“ಓಣಿಗೆಲ್ಲಾ ಗೊತ್ತಿತ್ತಂತ್ರಿ.”

“ಏನ್ರಿ ಕಾಕು?”

“ನನಗ ಕಣ್ಣ ಕಾಣವಲ್ದು ಅಂತ. ಎಲ್ಲಾರಿಗೂ ಗೊತ್ತಿತ್ತಂತ. ಕೊಂಡಿ ಒಂದೂ ತಪ್ಪಿಲ್ಲ ಕಾಕು, ಮತ್ತ್ಯಾಕ ಕೇಳ್ಬೇಕು, ನೀವಾಗೇ ಹೇಳ್ತೀರಂತ ಸುಮ್ಮಿದ್ವಿ ಅಂತಾರ. ಆಪರೇಷನ್ ಆತು, ದಣಿಬಾರ್ದು ಅಂತ ಈಗ ಹಾಸು ತಂದಿಲ್ಲಂತ. ಒಬ್ಬಾಕಿಯಂತೂ ನನ್ನ ಬೈದ್ಲು, ಎರಡ ತಿಂಗಳಾತು ನನ್ನ ಹಾಸು ನಿಮಗಂತ ಇಟಕೊಂಡ ಕುಂತೀನಿ ಅಂತ.” ಅವರು ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. ಗಲ್ಲ ನಡುಗುತ್ತಿತ್ತು. ಅಳುತ್ತಾರೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. “ಗೊತ್ತಿಲ್ಲದಾವ್ರು ನೀವೊಬ್ಬರನ್ರಿ ಮಾಸ್ತರ. ಹತ್ತ ದಿನಾ ನನ್ನ ಎದುರಿಗೆ ಕುಂತು ಕಣ್ಣಿನ ಪಾಠಾ ಹೇಳಿದ್ರಲ್ರಿ!”

ಆಮೇಲೆ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಹೆಂಡತಿ ಒಳಗಿಂದ ಬಂದು ಸೇರಿಕೊಂಡಳು. ನಾನು ತಪ್ಪಿತಸ್ಥನ ನಗೆ ನಗುತ್ತ ನಿಂತೆ. ಕಣ್ಣಿಗೆ ಶ್ರಮವಾದೀತು, ನಗಬೇಡಿ ಎಂದೆ. ಅದಕ್ಕೆ ಇನ್ನಷ್ಟು ನಕ್ಕರು.

ಕಣ್ಣು ಒರೆಸಿಕೊಂಡು, “ಎಲ್ಲೈತ್ರಿ ನಿಮ್ಮ ಹುಳಾ? ಹಾಕ್ಕೊಂಡ ಬರ್ರಿ,” ಎಂದರು.

ಹನ್ನೊಂದು ಗಂಟೆಯ ಬಿಸಿಲು. ಆದರೂ ಇಲ್ಲವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗಡಿಯಾರಗಳ ಸೆಲ್ಲನ್ನು ಮತ್ತೆ ಕಿತ್ತು ಹಾಕಿ, ಹೆಲ್ಮೆಟ್ಟು, ರೆಕ್ಕೆ, ಕ್ಯಾನು ಎಲ್ಲ ತೊಟ್ಟು, ಕೊನೆಯ ಕೊಂಡಿಯನ್ನು ಕಾಕು ಅವರಿಂದಲೇ ಹಾಕಿಸಿಕೊಂಡು, ಅವರ ಕಟ್ಟೆಯ ಮುಂದೆ ಹೋಗಿ ಬೆನ್ನು ತಿರುಗಿಸಿ ಸ್ವಿಚ್ಚು ಒತ್ತಿದೆ. ಬೆಳಕಿನಲ್ಲಿ ಬೆಳಕು ಕಾಣಲಿಲ್ಲ. ಕಾಕು ಒಳಗೆ ಹೋಗಿ ಒಂದು ದಪ್ಪ ಕೌದಿ ತಂದರು. ನನ್ನ ಬೆನ್ನ ಮೇಲೆ ಹೊದಿಸಿ, ತಾವೂ ತಲೆಯನ್ನು ಅದರೊಳಗೆ ತೂರಿಸಿದರು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಮಗ್ಗದ ಸದ್ದು ನಿಂತಿತು. ಹಾಲಿನವನು ಸೈಕಲ್ಲು ಇಳಿದ. ಇಳಕಲ್ಲಿನ ನಡುಬೀದಿಯಲ್ಲಿ ಒಬ್ಬ ಸರಕಾರಿ ಹೈಸ್ಕೂಲು ಶಿಕ್ಷಕ ಛತ್ರಿ ಕಡ್ಡಿಯ ಮೀಸೆ ಅಲ್ಲಾಡಿಸುತ್ತ ಕೌದಿ ಹೊದ್ದು ನಿಂತಿದ್ದ. ಕೌದಿಯೊಳಗಿಂದ ಒಬ್ಬ ಹೆಂಗಸಿನ ಎರಡು ಕಾಲು ಕಾಣುತ್ತಿದ್ದವು.

“ಹತ್ತ್ಯಾವೇನ್ರಿ ಕಾಕು?” ಎಂದೆ.

ಕ್ಯಾನಿನ ಮೇಲೆ ಬೆರಳಾಡುವ ಸದ್ದು ಕೇಳಿಸಿತು. ನೋಡಿಯಾಯಿತೆಂದು ನಾನು ಸ್ವಿಚ್ಚಿನಿಂದ ಬೆರಳು ತೆಗೆದೆ.

“ಆರಸಬ್ಯಾಡ್ರಿ,” ಎಂದಿತು ಕೌದಿಯೊಳಗಿನ ದನಿ, ಬಾಯಿಯ ಮೂಲೆಯಿಂದಲ್ಲ, ಪೂರ್ತಿ ಬಾಯಿಯಿಂದ. “ಇನ್ನೊಮ್ಮಿ ಹಚ್ಚ್ರಿ.”